ಆರು ಖೋಲಿಯ ಮನೆಗೆ ವಿಮೆ: ಓದಿ ನೋಡಿ, ಆಮೇಲೆ ಸಹಿ ಮಾಡಿ



ಅಕ್ಕಲಕೋಟ ನಮಗೆಲ್ಲ ಗೊತ್ತಿರುವ ಊರು. ಸ್ವಾಮಿ ಸಮರ್ಥರು ಈ ಊರಲ್ಲಿ ಸುಮಾರು 22 ವರ್ಷ ಇದ್ದರು. 1878ರಲ್ಲಿ ಇಲ್ಲಿಯೇ ಸಮಾಧಿಯಾದರು. ಇಂದಿಗೂ ವಟವೃಕ್ಷ ಮಂದಿರಕ್ಕೆ ಮುಂಬಯಿ, ಪುಣೆ, ಕಲಬುರಗಿ, ವಿಜಯಪುರ ಕಡೆಯಿಂದ ಭಕ್ತರು ಬರುತ್ತಾರೆ. ಇಲ್ಲಿಂದ ಗಾಣಗಾಪುರಕ್ಕೆ ಹೋಗುವವರೂ ಬಹಳ. ಗುರುವಾರ ಬಂತೆಂದರೆ ಊರು ತುಂಬುತ್ತದೆ. ಗುರುಪೌರ್ಣಿಮೆ, ದತ್ತ ಜಯಂತಿ ಬಂದರೆ ಕಾಲಿಡಲು ಜಾಗ ಇರುವುದಿಲ್ಲ.

ಇಷ್ಟು ಮಂದಿ ರಾತ್ರಿ ಎಲ್ಲಿ ಇರಬೇಕು? ದೊಡ್ಡ ಭಕ್ತ ನಿವಾಸಗಳಿವೆ, ಲಾಡ್ಜ್‌ಗಳಿವೆ. ಜೊತೆಗೆ ನಮ್ಮ ನಿಮ್ಮಂಥವರ ಮನೆಗಳೂ ಇವೆ. ಕೆಳಗೆ ತಾವು ಇದ್ದು, ಮೇಲೆ ನಾಲ್ಕೋ ಆರೋ ಖೋಲಿ ಕಟ್ಟಿಸಿ ಬಾಡಿಗೆಗೆ ಕೊಡುತ್ತಾರೆ. ಅದೇ ಅವರ ಹೊಟ್ಟೆಪಾಡು. ಈ ಪಾಠ ಅಂಥವರಿಗಾಗಿ. ಅಂಗಡಿ, ಗಿರಣಿ, ಖಾನಾವಳಿ ನಡೆಸುವವರೂ ಓದಿ. ನಿಮಗೂ ಉಪಯೋಗಕ್ಕೆ ಬರುತ್ತದೆ.

ಒಬ್ಬ ಅಕ್ಕನ ಕಥೆ

ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಕ್ಕ ಬರುತ್ತಾರೆ. ಅವರಿಗೆ ಆರು ಖೋಲಿಯ ಯಾತ್ರಿ ನಿವಾಸ ಇದೆ. ಗಂಡ ತೀರಿಕೊಂಡ ಮೇಲೆ ಬ್ಯಾಂಕಿನ ಸಾಲ ತೆಗೆದು ಕಟ್ಟಿಸಿದ್ದು. ಸಾಲ ಕೊಡುವಾಗ ಬ್ಯಾಂಕಿನವರು ಮನೆಗೆ ವಿಮೆಯನ್ನೂ ಮಾಡಿಸಿದ್ದರು. ಆಗ ಅಕ್ಕನಿಗೆ ಅಕ್ಷರ ಬರುತ್ತಿರಲಿಲ್ಲ. ತೋರಿಸಿದ ಕಡೆ ಹೆಬ್ಬೆಟ್ಟು ಒತ್ತಿದರು. ವರ್ಷಾ ವರ್ಷಾ ಖಾತೆಯಿಂದ ರೊಕ್ಕ ಕಟ್ ಆಗುತ್ತಿತ್ತು. ವಿಮೆ ಇದೆ ಎಂಬ ಧೈರ್ಯದಲ್ಲಿ ಇದ್ದರು.

ಒಂದು ಬೇಸಿಗೆಯಲ್ಲಿ ಮೇಲಿನ ಖೋಲಿಯಲ್ಲಿ ಕೂಲರ್ ವೈರ್ ಸುಟ್ಟಿತು. ಬೆಂಕಿ ಗಾದಿಗೆ ಹತ್ತಿತು. ಗಾದಿಯಿಂದ ಕಪಾಟಿಗೆ, ಕಿಟಕಿಗೆ ಹತ್ತಿತು. ಎರಡು ಖೋಲಿ ಹಾಳಾದವು. ಭಕ್ತರು ದರ್ಶನಕ್ಕೆ ಹೋಗಿದ್ದರು. ಯಾರಿಗೂ ಏನೂ ಆಗಲಿಲ್ಲ. ನಷ್ಟ ಮಾತ್ರ ಒಂದು ಲಕ್ಷ ಎಂಬತ್ತು ಸಾವಿರ ರೂಪಾಯಿ.

ವಿಮೆ ಕಂಪನಿಯ ಪರವಾಗಿ ಸರ್ವೇಯರ್ ಬಂದು ನೋಡಿದರು. ‘ಇಲ್ಲಿ ಬಾಡಿಗೆ ಮಂದಿ ಇರ್ತಾರೇನ್ರಿ?’ ಎಂದು ಕೇಳಿದರು. ಅಕ್ಕ ‘ಹೌದ್ರಿ’ ಎಂದರು. ಕೆಲವು ದಿನಗಳ ಮೇಲೆ ಪತ್ರ ಬಂತು. ಕ್ಲೇಮು ಇಲ್ಲ ಎಂದು ಬರೆದಿತ್ತು. ಯಾಕೆ? ಪಾಲಿಸಿಯಲ್ಲಿ ಕಟ್ಟಡದ ಬಳಕೆ ಎಂಬ ಕಡೆ ‘ರೆಸಿಡೆನ್ಸ್’ ಎಂದು ಇತ್ತು. ಅಂದರೆ ವಾಸದ ಮನೆ. ಅಲ್ಲಿ ನಡೆಯುತ್ತಿದ್ದದ್ದು ವ್ಯಾಪಾರ.

ಅಕ್ಕ ಆ ಪತ್ರವನ್ನು ನಮ್ಮ ಕೇಂದ್ರಕ್ಕೆ ತಂದಾಗ ಒಂದು ವರ್ಷ ದಾಟಿತ್ತು. ದೂರು ಕೊಡುವ ಅವಧಿಯೂ ಮುಗಿದಿತ್ತು. ‘ನಾ ಸುಳ್ಳ ಹೇಳಿಲ್ರಿ ಮಾಸ್ತರ. ನನಗ ಯಾರೂ ಕೇಳೇ ಇಲ್ಲ’ ಎಂದರು. ಅವರು ಹೇಳಿದ್ದು ನಿಜ. ಯಾರೂ ಕೇಳಿರಲಿಲ್ಲ. ಆದರೆ ಕಾಗದದ ಮೇಲೆ ಅವರ ಹೆಬ್ಬೆಟ್ಟು ಇತ್ತು.

ಇಂಥ ಕಷ್ಟ ನಿಮಗೆ ಬರಬಾರದು. ಅದಕ್ಕೆ ಈ ಪಾಠವನ್ನು ನಿಧಾನವಾಗಿ ಓದಿ.

ವಿಮೆ ಅಂದರೆ ಏನು?

ನೂರು ಮಂದಿ ಸೇರಿ ಸ್ವಲ್ಪ ಸ್ವಲ್ಪ ರೊಕ್ಕ ಒಂದು ಕಡೆ ಹಾಕುತ್ತಾರೆ ಎಂದುಕೊಳ್ಳಿ. ಆ ವರ್ಷ ಇಬ್ಬರ ಮನೆಗೆ ನಷ್ಟವಾಯಿತು. ಕೂಡಿಟ್ಟ ರೊಕ್ಕದಿಂದ ಆ ಇಬ್ಬರಿಗೆ ಕೊಟ್ಟರು. ವಿಮೆ ಅಂದರೆ ಇದೇ. ಈ ರೊಕ್ಕವನ್ನು ಕಂಪನಿ ನೋಡಿಕೊಳ್ಳುತ್ತದೆ. ನಾವು ಕೊಡುವ ಹಣಕ್ಕೆ ಪ್ರೀಮಿಯಂ ಎನ್ನುತ್ತಾರೆ. ಕಂಪನಿ ಕೊಡುವ ಕರಾರು ಪತ್ರಕ್ಕೆ ಪಾಲಿಸಿ ಎನ್ನುತ್ತಾರೆ.

ನಷ್ಟವಾಗದಿದ್ದರೆ ಈ ರೊಕ್ಕ ಮರಳಿ ಬರುವುದಿಲ್ಲ. ‘ಹತ್ತು ವರ್ಷ ತುಂಬಿದೆ, ಏನೂ ಬರಲಿಲ್ಲ’ ಎಂದು ಕೆಲವರು ಬೇಸರ ಮಾಡಿಕೊಳ್ಳುತ್ತಾರೆ. ಏನೂ ಬರಲಿಲ್ಲ ಎಂದರೆ ಮನೆಗೆ ಏನೂ ಆಗಲಿಲ್ಲ ಎಂದರ್ಥ. ಅದು ಸಂತೋಷದ ವಿಷಯ.

ಇನ್ನೊಂದು ಮಾತು. ‘ನನಗೆ ಎಲ್‌ಐಸಿ ಇದೆ, ಸಾಕು’ ಎನ್ನುವವರು ಬಹಳ. ಎಲ್‌ಐಸಿ ಜೀವ ವಿಮೆಯ ಸಂಸ್ಥೆ. ಮನೆಗೆ ಬೆಂಕಿ ಬಿದ್ದರೆ ಅದು ಹಣ ಕೊಡುವುದಿಲ್ಲ. ಕಟ್ಟಡ, ಸಾಮಾನಿನ ವಿಮೆಗೆ ಸಾಮಾನ್ಯ ವಿಮೆ ಕಂಪನಿಗಳು ಬೇರೆ ಇವೆ. ನ್ಯೂ ಇಂಡಿಯಾ, ಯುನೈಟೆಡ್ ಇಂಡಿಯಾ, ನ್ಯಾಷನಲ್, ಓರಿಯೆಂಟಲ್ ಇವು ಸರ್ಕಾರದ ಕಂಪನಿಗಳು. ಖಾಸಗಿ ಕಂಪನಿಗಳೂ ಬಹಳ ಇವೆ.

ಮನೆಯ ವಿಮೆಯೋ, ಉದ್ಯಮದ ವಿಮೆಯೋ?

ವಿಮೆ ಕಂಪನಿಗಳ ಮೇಲೆ ಸರ್ಕಾರದ ಒಂದು ಪ್ರಾಧಿಕಾರ ಇದೆ. ಅದರ ಹೆಸರು ಐಆರ್‌ಡಿಎಐ. ಅದರ ಕಚೇರಿ ಹೈದರಾಬಾದಿನಲ್ಲಿದೆ. ಅದು 2021ರ ಏಪ್ರಿಲ್ 1ರಿಂದ ಒಂದು ಒಳ್ಳೆಯ ಕ್ರಮ ತಂದಿತು. ಬೆಂಕಿ ಮತ್ತು ಪ್ರಕೃತಿ ವಿಕೋಪದ ವಿಮೆಗೆ ಎಲ್ಲ ಕಂಪನಿಗಳೂ ಒಂದೇ ನಮೂನೆಯ ಪಾಲಿಸಿ ಕೊಡಬೇಕು ಎಂದಿತು. ಅವುಗಳಲ್ಲಿ ಎರಡು ಹೆಸರು ನೆನಪಿಡಿ.

ಒಂದು, ‘ಭಾರತ್ ಗೃಹ ರಕ್ಷಾ’. ಇದು ವಾಸದ ಮನೆಗೆ.

ಎರಡು, ‘ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ’. ಇದು ಸಣ್ಣ ಉದ್ಯಮಕ್ಕೆ. ಒಂದು ಜಾಗದಲ್ಲಿರುವ ಕಟ್ಟಡ, ಸಾಮಾನು ಎಲ್ಲ ಸೇರಿ 5 ಕೋಟಿ ರೂಪಾಯಿವರೆಗೆ ಬೆಲೆ ಇದ್ದರೆ ಇದನ್ನು ತೆಗೆದುಕೊಳ್ಳಬಹುದು. ಆರು ಖೋಲಿಯ ಲಾಡ್ಜ್ ಇದರೊಳಗೆ ಬರುತ್ತದೆ.

ನೀವು ಬಾಡಿಗೆಗೆ ಖೋಲಿ ಕೊಡುವವರಾದರೆ ಅದನ್ನು ಬಾಯಿಬಿಟ್ಟು ಹೇಳಿ. ‘ಕೆಳಗೆ ನಾವು ಇರುತ್ತೇವೆ, ಮೇಲೆ ಆರು ಖೋಲಿ ಯಾತ್ರಿಕರಿಗೆ ಕೊಡುತ್ತೇವೆ’ ಎಂದು ಅರ್ಜಿಯಲ್ಲಿ ಬರೆಸಿ. ಊಟ ಹಾಕುತ್ತಿದ್ದರೆ ಅದನ್ನೂ ಬರೆಸಿ. ‘ಮನೆ ಅಂತ ಹಾಕಿದ್ರ ಪ್ರೀಮಿಯಂ ಕಡಿಮಿ ಆಗ್ತದ್ರಿ ಅಕ್ಕಾರ’ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಇವತ್ತು ಸ್ವಲ್ಪ ರೊಕ್ಕ ಉಳಿದೀತು. ನಷ್ಟವಾದ ದಿನ ಪೂರ್ತಿ ಕ್ಲೇಮು ಕೈತಪ್ಪೀತು.

ಕಟ್ಟಡ ಯಾವ ತರಹದ್ದು ಎಂದೂ ಹೇಳಬೇಕು. ಆರ್‌ಸಿಸಿ ಸ್ಲ್ಯಾಬೋ, ಪತ್ರಾ ಛಾವಣಿಯೋ, ಕಲ್ಲು ಮಣ್ಣಿನ ಹಳೆಯ ಮಾಳಿಗೆ ಮನೆಯೋ ಇದ್ದದ್ದು ಇದ್ದ ಹಾಗೆ ಬರೆಸಿ.

ಯಾವ ಅಪಾಯಕ್ಕೆ ಹಣ ಸಿಗುತ್ತದೆ?

ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಬೆಂಕಿ, ಸಿಡಿಲು, ಸ್ಫೋಟ, ಭೂಕಂಪ, ಬಿರುಗಾಳಿ, ನೆರೆ, ಭೂಕುಸಿತ, ಗಲಭೆ ಇವೆಲ್ಲ ಸೇರಿವೆ. ವಾಹನ ಬಂದು ಗೋಡೆಗೆ ಗುದ್ದಿದರೂ ಸೇರುತ್ತದೆ.

‘ನಮ್ಮಲ್ಲಿ ಭೂಕಂಪ ಎಲ್ಲಿ ಆಗ್ತದ್ರಿ?’ ಎಂದು ಕೇಳಬೇಡಿ. 1993ರ ಸೆಪ್ಟೆಂಬರ್ 30ರಂದು ಬೆಳಗಿನ ಜಾವ ನಾಲ್ಕು ಗಂಟೆಯ ಸುಮಾರಿಗೆ ಕಿಲ್ಲಾರಿಯಲ್ಲಿ ಭೂಮಿ ನಡುಗಿತು. ಲಾತೂರ್, ಉಸ್ಮಾನಾಬಾದ್ ಜಿಲ್ಲೆಗಳಲ್ಲಿ ಸುಮಾರು ಹತ್ತು ಸಾವಿರ ಜನ ಸತ್ತರು. ನಮ್ಮ ಸೊಲ್ಲಾಪುರ ಜಿಲ್ಲೆಯಲ್ಲೂ ಜನ ಎದ್ದು ಹೊರಗೆ ಓಡಿದರು. ಅಲ್ಲಿ ಹೆಚ್ಚಾಗಿ ಬಿದ್ದದ್ದು ಕಲ್ಲು ಮಣ್ಣಿನ ಗೋಡೆ, ಮೇಲೆ ದಪ್ಪ ಮಣ್ಣು ಹೊದಿಸಿದ ಮಾಳಿಗೆ ಮನೆಗಳು. ಅಂಥ ಮನೆಗಳು ನಮ್ಮ ಕಡೆಯೂ ಇವೆ.

ನೆರೆಯೂ ಅಷ್ಟೇ. ನಮ್ಮದು ಬರಗಾಲದ ಸೀಮೆ ಎನ್ನುತ್ತೇವೆ. ಆದರೆ 2020ರ ಅಕ್ಟೋಬರ್‌ನಲ್ಲಿ ಸುರಿದ ಮಳೆಗೆ ಬೋರಿ ನದಿ ಉಕ್ಕಿತು. ಭೀಮಾ ನದಿಯ ದಂಡೆಯ ಊರುಗಳಿಗೆ ನೀರು ನುಗ್ಗಿತು. ಎಷ್ಟೋ ಮನೆಗಳ ಕಾಳು, ಹಾಸಿಗೆ, ಸಾಮಾನು ನೀರು ಪಾಲಾದವು.

ಯಾವುದಕ್ಕೆ ಹಣ ಸಿಗುವುದಿಲ್ಲ?

ಇದನ್ನು ಓದದೆ ಸಹಿ ಮಾಡಬೇಡಿ. ಪಾಲಿಸಿಯಲ್ಲಿ ‘ಇವು ಸೇರಿಲ್ಲ’ ಎಂಬ ಒಂದು ಪಟ್ಟಿ ಇರುತ್ತದೆ.

ಹಳೆಯದಾಗಿ ಸವೆದದ್ದಕ್ಕೆ ಹಣ ಇಲ್ಲ. ಬೇಕೆಂದೇ ಮಾಡಿದ ನಷ್ಟಕ್ಕೆ ಹಣ ಇಲ್ಲ. ಶಾರ್ಟ್ ಸರ್ಕಿಟ್ ಆಗಿ ಕೂಲರ್ ಒಂದೇ ಸುಟ್ಟರೆ ಆ ಕೂಲರಿಗೆ ಹಣ ಇಲ್ಲ. ಅದರಿಂದ ಬೆಂಕಿ ಹತ್ತಿ ಗಾದಿ, ಕಪಾಟು ಸುಟ್ಟರೆ ಅವಕ್ಕೆ ಹಣ ಇದೆ. ಈ ವ್ಯತ್ಯಾಸ ನೆನಪಿಡಿ.

ದಿನದ ಸಾಮಾನ್ಯ ಕಳ್ಳತನ ಬೆಂಕಿ ವಿಮೆಯಲ್ಲಿ ಬರುವುದಿಲ್ಲ. ಅದಕ್ಕೆ ಕಳ್ಳತನದ ವಿಮೆ ಬೇರೆ. ಅದರಲ್ಲೂ ಸಾಧಾರಣವಾಗಿ ಬೀಗ ಒಡೆದ, ಬಾಗಿಲು ಮುರಿದ ಗುರುತು ಕೇಳುತ್ತಾರೆ.

ಖೋಲಿ ಸುಟ್ಟು ಎರಡು ತಿಂಗಳು ಬಾಡಿಗೆ ನಿಂತರೆ ಆ ಆದಾಯದ ನಷ್ಟವೂ ಸುಮ್ಮನೆ ಸಿಗುವುದಿಲ್ಲ. ಬೇಕಾದರೆ ಬೇರೆ ಕೇಳಿ ಸೇರಿಸಬೇಕು. ದತ್ತ ಜಯಂತಿಯ ತಿಂಗಳ ದುಡಿಮೆಯಲ್ಲೇ ವರ್ಷದ ಕಂತು ಕಟ್ಟುವವರು ಇದನ್ನು ಕೇಳುವುದು ಒಳ್ಳೆಯದು.

ಕಟ್ಟಡವನ್ನು 30 ದಿನಕ್ಕಿಂತ ಹೆಚ್ಚು ಖಾಲಿ ಬಿಟ್ಟು ಬೀಗ ಹಾಕಿ ಹೋಗುವುದಿದ್ದರೆ ಮೊದಲೇ ಕಂಪನಿಗೆ ಬರೆದು ತಿಳಿಸಿ. ಇಲ್ಲದಿದ್ದರೆ ಆ ದಿನಗಳ ನಷ್ಟಕ್ಕೆ ತಕರಾರು ಬರಬಹುದು.

ಎಷ್ಟು ರೂಪಾಯಿಗೆ ವಿಮೆ ಮಾಡಿಸಬೇಕು?

ಇದನ್ನು ವಿಮಾ ಮೊತ್ತ ಎನ್ನುತ್ತಾರೆ. ಇಲ್ಲಿ ಬಹಳ ಮಂದಿ ತಪ್ಪುತ್ತಾರೆ. ಗುಡಿಯ ಹತ್ತಿರ ಜಾಗದ ಬೆಲೆ ಬಹಳ. ಕೆಲವರು ಅದನ್ನೂ ಸೇರಿಸಿ ಬರೆಸುತ್ತಾರೆ. ಜಾಗ ಸುಡುವುದಿಲ್ಲ, ಕೊಚ್ಚಿ ಹೋಗುವುದಿಲ್ಲ. ಅದನ್ನು ಬಿಡಿ. ಇವತ್ತು ಈ ಕಟ್ಟಡ ಬಿದ್ದರೆ ಮತ್ತೆ ಕಟ್ಟಲು ಎಷ್ಟು ಬೇಕು, ಅಷ್ಟು ಬರೆಸಿ. ನಿಮ್ಮೂರ ಗೌಂಡಿಯನ್ನೋ ಎಂಜಿನಿಯರನ್ನೋ ಕೇಳಿದರೆ ಒಂದು ಚದರ ಅಡಿಗೆ ಎಷ್ಟು ಎಂದು ಹೇಳುತ್ತಾರೆ.

ಒಂದು ಲೆಕ್ಕ ಮಾಡೋಣ. ಕಟ್ಟಡ 1,200 ಚದರ ಅಡಿ. ಒಂದು ಅಡಿಗೆ 1,800 ರೂಪಾಯಿ ಎಂದುಕೊಳ್ಳಿ. ಗುಣಿಸಿದರೆ 21,60,000 ರೂಪಾಯಿ. ಕಟ್ಟಡಕ್ಕೆ ಇಷ್ಟು.

ಈಗ ಸಾಮಾನು. ಒಂದು ಖೋಲಿಯೊಳಗೆ ಹೋಗಿ ನಿಲ್ಲಿ. ಕಂಡದ್ದೆಲ್ಲ ಬರೆಯಿರಿ.

ಮಂಚ 2: 12,000
ಗಾದಿ 2: 6,000
ಕಪಾಟು 1: 8,000
ಫ್ಯಾನು 1: 2,000
ಕೂಲರ್ 1: 7,000
ಟಿವಿ 1: 12,000
ಚಾದರ, ದಿಂಬು: 3,000
ಒಟ್ಟು: 50,000 ರೂಪಾಯಿ

ಇಂಥ ಆರು ಖೋಲಿಗೆ 3,00,000 ರೂಪಾಯಿ. ಹೊರಗಿನ ಸಾಮಾನು ಬೇರೆ ಇದೆ. ಇನ್ವರ್ಟರ್ ಮತ್ತು ಬ್ಯಾಟರಿ 25,000. ನೀರಿನ ಮೋಟಾರು 15,000. ನೀರು ಶುದ್ಧ ಮಾಡುವ ಯಂತ್ರ 15,000. ಕಂಪ್ಯೂಟರ್, ಮೇಜು, ಕುರ್ಚಿ 45,000. ಇವು ಸೇರಿ 1,00,000. ಅಲ್ಲಿಗೆ ಸಾಮಾನಿನ ಮೊತ್ತ 4,00,000 ರೂಪಾಯಿ.

ಈ ಬೆಲೆಗಳು ಲೆಕ್ಕ ಕಲಿಯಲು ಕೊಟ್ಟವು. ನಿಮ್ಮ ಬೆಲೆ ನೀವು ಹಾಕಿಕೊಳ್ಳಿ. ಕಟ್ಟಡಕ್ಕೆ ಬೇರೆ ಮೊತ್ತ, ಸಾಮಾನಿಗೆ ಬೇರೆ ಮೊತ್ತ ಬರೆಸಬೇಕು. ಕಟ್ಟಡಕ್ಕೆ ಮಾತ್ರ ವಿಮೆ ಮಾಡಿಸಿದರೆ ಸುಟ್ಟ ಗಾದಿಗೆ ಒಂದು ರೂಪಾಯಿಯೂ ಬರುವುದಿಲ್ಲ.

ಕಡಿಮೆ ಬರೆಸಿದರೆ ಏನಾಗುತ್ತದೆ?

ಕಟ್ಟಡ ಮತ್ತೆ ಕಟ್ಟಲು 20 ಲಕ್ಷ ಬೇಕು. ನೀವು 10 ಲಕ್ಷಕ್ಕೆ ಮಾತ್ರ ವಿಮೆ ಮಾಡಿಸಿದಿರಿ. ಅಂದರೆ ಅರ್ಧ. ಬೆಂಕಿಯಿಂದ 2 ಲಕ್ಷ ನಷ್ಟವಾಯಿತು. ‘10 ಲಕ್ಷದ ವಿಮೆ ಇದೆಯಲ್ಲ, 2 ಲಕ್ಷ ಪೂರ್ತಿ ಬರುತ್ತದೆ’ ಎಂದು ನೀವು ಅಂದುಕೊಳ್ಳುತ್ತೀರಿ. ಹಾಗಲ್ಲ. ಅರ್ಧ ವಿಮೆಗೆ ಅರ್ಧ ಪರಿಹಾರ. 1 ಲಕ್ಷ ಬರುತ್ತದೆ.

ಸೂಕ್ಷ್ಮ ಉದ್ಯಮ ಸುರಕ್ಷಾ ಪಾಲಿಸಿಯಲ್ಲಿ ಸ್ವಲ್ಪ ಸಡಿಲಿಕೆ ಇದೆ. ಶೇಕಡಾ 15ರವರೆಗೆ ಕಡಿಮೆ ಬಿದ್ದರೆ ಕಂಪನಿ ಅದನ್ನು ಎಣಿಸುವುದಿಲ್ಲ. 20 ಲಕ್ಷದ ಕಟ್ಟಡಕ್ಕೆ 17 ಲಕ್ಷ ಬರೆಸಿದ್ದರೂ ನಡೆಯುತ್ತದೆ. ಅದಕ್ಕಿಂತ ಕೆಳಗೆ ಹೋಗಬೇಡಿ.

ಹೆಚ್ಚು ಬರೆಸಿದರೂ ಲಾಭವಿಲ್ಲ. 20 ಲಕ್ಷದ ಕಟ್ಟಡಕ್ಕೆ 40 ಲಕ್ಷ ಬರೆಸಿದರೆ ಪ್ರೀಮಿಯಂ ಹೆಚ್ಚಾಗುತ್ತದೆ. ಪರಿಹಾರ ಮಾತ್ರ ನಿಜವಾದ ನಷ್ಟದಷ್ಟೇ.

ಬೇರೆ ಯಾವ ವಿಮೆ ಬೇಕು?

ಬಂದ ಭಕ್ತರು ಬಚ್ಚಲಲ್ಲಿ ಜಾರಿ ಬಿದ್ದು ಕಾಲು ಮುರಿದುಕೊಂಡರು, ಅಥವಾ ಗೀಸರ್‌ನಿಂದ ಶಾಕ್ ಹೊಡೆಯಿತು ಎಂದುಕೊಳ್ಳಿ. ನಿಮ್ಮ ತಪ್ಪು ಎಂದು ಕೋರ್ಟು ಹೇಳಿದರೆ ಪರಿಹಾರ ನೀವು ಕೊಡಬೇಕು. ಇದಕ್ಕೆ ಸಾರ್ವಜನಿಕ ಹೊಣೆಗಾರಿಕೆ ವಿಮೆ ಇದೆ. ‘ಪಬ್ಲಿಕ್ ಲಯಬಿಲಿಟಿ’ ಎಂದು ಕೇಳಿದರೆ ಏಜೆಂಟರಿಗೆ ತಿಳಿಯುತ್ತದೆ. ಊಟ ಹಾಕುವವರು ಅದರಲ್ಲಿ ಊಟದಿಂದ ಆಗುವ ತೊಂದರೆಯೂ ಸೇರಿದೆಯೇ ಎಂದು ಕೇಳಬೇಕು.

ನಿಮ್ಮಲ್ಲಿ ಖೋಲಿ ಸ್ವಚ್ಛ ಮಾಡಲು, ಅಡುಗೆ ಮಾಡಲು ಕೆಲಸದವರು ಇರಬಹುದು. ಕೆಲಸ ಮಾಡುವಾಗ ಅವರಿಗೆ ಅಪಘಾತವಾದರೆ ಪರಿಹಾರದ ಹೊಣೆ ಮಾಲೀಕರ ಮೇಲೆ ಬರುತ್ತದೆ. ಇದಕ್ಕೂ ಬೇರೆ ವಿಮೆ ಸಿಗುತ್ತದೆ. ಜೊತೆಗೆ ಅವರ ಬ್ಯಾಂಕ್ ಖಾತೆಯಿಂದ ಪ್ರಧಾನ ಮಂತ್ರಿ ಸುರಕ್ಷಾ ಬಿಮಾ ಯೋಜನೆ ಮಾಡಿಸಿ. 18ರಿಂದ 70 ವರ್ಷದವರೆಗಿನವರು ಸೇರಬಹುದು. ವರ್ಷಕ್ಕೆ 20 ರೂಪಾಯಿ ಮಾತ್ರ. ಅಪಘಾತದಲ್ಲಿ ಸತ್ತರೆ ಮನೆಯವರಿಗೆ 2 ಲಕ್ಷ ರೂಪಾಯಿ ಬರುತ್ತದೆ. ನೀವೂ ಸೇರಿಕೊಳ್ಳಿ.

ಗ್ಯಾಸಿನ ಬಗ್ಗೆ ಒಂದು ಎಚ್ಚರಿಕೆ. ಮನೆಯ ಸಿಲಿಂಡರನ್ನು ವ್ಯಾಪಾರದ ಅಡುಗೆಗೆ ಬಳಸುವುದು ಕಾನೂನಿಗೆ ವಿರುದ್ಧ. ಅನಾಹುತವಾದರೆ ವಿಮೆಯೂ ಕೈಕೊಡುತ್ತದೆ. ವ್ಯಾಪಾರದ ಸಿಲಿಂಡರನ್ನೇ ತನ್ನಿ.

ಎಲ್ಲವನ್ನೂ ಒಂದೇ ವರ್ಷ ಮಾಡಿಸಲು ಆಗದಿರಬಹುದು. ಹಾಗಾದರೆ ಏನಾದರೆ ನಾವು ಮತ್ತೆ ಏಳಲಾರೆವೋ ಅದನ್ನು ಮೊದಲು ಮಾಡಿಸಿ. ಟಿವಿ ಹೋದರೆ ಮತ್ತೊಂದು ತರಬಹುದು. ಕಟ್ಟಡ ಹೋದರೆ ಕಷ್ಟ. ಒಬ್ಬರ ಜೀವಕ್ಕೆ ಪರಿಹಾರ ಕೊಡಬೇಕಾಗಿ ಬಂದರೂ ಕಷ್ಟ. ಆದ್ದರಿಂದ ಕಟ್ಟಡ ಮೊದಲು, ಸಾಮಾನು ಮತ್ತು ಭಕ್ತರ ಹೊಣೆ ನಂತರ, ಉಳಿದದ್ದು ಆಮೇಲೆ.

ಸಹಿ ಮಾಡುವ ಮೊದಲು

ಪಾಲಿಸಿ ಇಂಗ್ಲಿಷಿನಲ್ಲಿ ಇರುತ್ತದೆ. ಕಚೇರಿಯಲ್ಲಿ ಮಾತು ಮರಾಠಿಯಲ್ಲಿ ನಡೆಯುತ್ತದೆ. ನಾವು ಕಲಿತದ್ದು ಕನ್ನಡ ಅಕ್ಷರ. ಹಾಗೆಂದು ಹೆದರಬೇಡಿ. ಅಂಕಿಗಳನ್ನು ನೀವು ಓದಬಲ್ಲಿರಿ. ಓದಲು ಬಾರದ ಕಡೆ ಮಗಳನ್ನೋ, ನೆರೆಯ ಹುಡುಗನನ್ನೋ, ಕಲಿಕಾ ಕೇಂದ್ರದವರನ್ನೋ ಓದಿ ಹೇಳಲು ಕೇಳಿ. ಅವರು ಹೇಳಿದ್ದನ್ನು ನಿಮ್ಮ ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಳ್ಳಿ. ಈ ಎಂಟು ಸಾಲು ಸಾಕು.

1. ಪಾಲಿಸಿ ಯಾರ ಹೆಸರಲ್ಲಿದೆ?
2. ವಿಳಾಸ, ಮನೆ ನಂಬರು ಸರಿ ಇದೆಯೇ?
3. ಬಳಕೆ ಏನೆಂದು ಬರೆದಿದೆ? ವಾಸವೋ, ಲಾಡ್ಜೋ?
4. ಕಟ್ಟಡಕ್ಕೆ ಎಷ್ಟು?
5. ಸಾಮಾನಿಗೆ ಎಷ್ಟು?
6. ಯಾವ ದಿನದಿಂದ ಯಾವ ದಿನದವರೆಗೆ?
7. ಪ್ರತಿ ಕ್ಲೇಮಿನಲ್ಲಿ ನಾವು ಕೈಯಿಂದ ಹಾಕಬೇಕಾದ ಹಣ ಎಷ್ಟು?
8. ಬ್ಯಾಂಕಿನ ಹೆಸರು ಇದೆಯೇ?

ಎಂಟನೆಯ ಸಾಲು ಸಾಲ ಇರುವವರಿಗೆ. ಬ್ಯಾಂಕಿನ ಹೆಸರು ಇದ್ದರೆ ಪರಿಹಾರದ ಹಣ ಮೊದಲು ಬ್ಯಾಂಕಿಗೆ ಹೋಗುತ್ತದೆ. ಕೆಲವು ಸಲ ಸಾಲದಷ್ಟಕ್ಕೆ ಮಾತ್ರ ವಿಮೆ ಮಾಡಿಸಿರುತ್ತಾರೆ. ಪಾಲಿಸಿಯ ಪ್ರತಿ ಬ್ಯಾಂಕಿನ ಫೈಲಿನಲ್ಲೇ ಉಳಿದಿರುತ್ತದೆ. ಹೋಗಿ ಕೇಳಿ, ಒಂದು ಪ್ರತಿ ತನ್ನಿ. ಅದು ನಿಮ್ಮ ಹಕ್ಕು.

ಎರಡು ಮೂರು ಕಡೆ ಪ್ರೀಮಿಯಂ ವಿಚಾರಿಸಿ. ಪ್ರೀಮಿಯಂ ಮೇಲೆ ಶೇಕಡಾ 18 ಜಿಎಸ್‌ಟಿ ಇರುತ್ತದೆ. ಅದು ಸೇರಿಸಿ ಹೇಳಿದರೋ, ಬಿಟ್ಟು ಹೇಳಿದರೋ ಕೇಳಿ. ರೊಕ್ಕವನ್ನು ಕಂಪನಿಯ ಹೆಸರಿಗೇ ಕೊಡಿ, ರಸೀದಿ ತೆಗೆದುಕೊಳ್ಳಿ. ಪ್ರೀಮಿಯಂ ಕಂಪನಿಗೆ ಮುಟ್ಟದೆ ವಿಮೆ ಶುರುವಾಗುವುದಿಲ್ಲ. ಚೆಕ್ ಬೌನ್ಸ್ ಆದರೆ ವಿಮೆಯೂ ಇಲ್ಲ.

ವರ್ಷಕ್ಕೊಮ್ಮೆ ನೋಡಿ

ಈ ಪಾಲಿಸಿ ಸಾಮಾನ್ಯವಾಗಿ ಒಂದು ವರ್ಷದ್ದು. ಹೋದ ವರ್ಷದ್ದನ್ನೇ ಸುಮ್ಮನೆ ಮುಂದುವರಿಸಬೇಡಿ. ವರ್ಷದಲ್ಲಿ ಮನೆ ಬದಲಾಗಿರುತ್ತದೆ. ಹೊಸ ಎಸಿ ಹಾಕಿಸಿರುತ್ತೀರಿ. ಮೇಲೆ ಒಂದು ಖೋಲಿ ಏರಿಸಿರುತ್ತೀರಿ. ಸಿಮೆಂಟು, ಕಬ್ಬಿಣದ ಬೆಲೆ ಏರಿರುತ್ತದೆ. ಹಳೆಯ ಮೊತ್ತ ಸಾಲುವುದಿಲ್ಲ.

ದೀಪಾವಳಿ ಪಾಡ್ಯದ ದಿನ ವ್ಯಾಪಾರಿಗಳು ಹೊಸ ಲೆಕ್ಕದ ಪುಸ್ತಕ ಪೂಜೆ ಮಾಡುತ್ತಾರೆ. ನೀವೂ ಅಂದು ವಿಮೆಯ ನೋಟ್‌ಬುಕ್ಕನ್ನು ತೆಗೆದು ಎಂಟು ಸಾಲನ್ನೂ ಮತ್ತೆ ಓದಿ. ಪ್ರತಿ ಖೋಲಿಯ ಸಾಮಾನು ಮತ್ತೆ ಎಣಿಸಿ. ಮೊಬೈಲಿನಲ್ಲಿ ಫೋಟೋ ತೆಗೆದು ಮಗನಿಗೋ ಮಗಳಿಗೋ ಕಳುಹಿಸಿಡಿ. ಬಿಲ್ಲುಗಳನ್ನು ಒಂದು ಚೀಲದಲ್ಲಿ ಹಾಕಿ ಬೇರೆ ಮನೆಯಲ್ಲಿ ಇಡಿ. ಸುಟ್ಟ ಮನೆಯಲ್ಲಿ ಬಿಲ್ಲೂ ಸುಟ್ಟರೆ ಏನು ತೋರಿಸುತ್ತೀರಿ?

ಪಾಲಿಸಿ ಮುಗಿಯುವ ದಿನಕ್ಕೆ ಒಂದು ತಿಂಗಳು ಮೊದಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವರ್ಷದ ನಡುವೆ ಖೋಲಿ ಏರಿಸಿದರೆ ಪಾಡ್ಯದವರೆಗೆ ಕಾಯಬೇಡಿ. ಆಗಲೇ ಕಂಪನಿಗೆ ತಿಳಿಸಿ, ಪಾಲಿಸಿಯಲ್ಲಿ ಸೇರಿಸಿ.

ವಿಮೆ ಇದೆ ಎಂದು ಮೈಮರೆಯಲೂಬಾರದು. ಬೇಸಿಗೆಗೆ ಮೊದಲು ವೈರಿಂಗ್ ತೋರಿಸಿ. ಶಾಕ್ ಹೊಡೆಯದಂತೆ ತಡೆಯುವ ಸ್ವಿಚ್ ಹಾಕಿಸಿ. ಬೆಂಕಿ ಆರಿಸುವ ಸಿಲಿಂಡರ್ ಇಡಿ. ಲೈಸೆನ್ಸು, ಬಂದವರ ರಜಿಸ್ಟರು ಸರಿಯಾಗಿರಲಿ.

ನಷ್ಟವಾದರೆ

ಮೊದಲು ಜನರನ್ನು ಹೊರಗೆ ತನ್ನಿ. ಬೆಂಕಿಯಾದರೆ ಅಗ್ನಿಶಾಮಕ ದಳಕ್ಕೆ, ಕಳ್ಳತನವಾದರೆ ಪೊಲೀಸರಿಗೆ ತಿಳಿಸಿ. ಅದೇ ದಿನ ವಿಮೆ ಕಂಪನಿಗೆ ಫೋನ್ ಮಾಡಿ, ದೂರಿನ ನಂಬರು ಬರೆದುಕೊಳ್ಳಿ. ಫೋಟೋ ತೆಗೆಯಿರಿ. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಸಾಮಾನನ್ನು ಗುಜರಿಗೆ ಹಾಕಬೇಡಿ. ಪಂಚನಾಮೆಯ ಪ್ರತಿ ತೆಗೆದುಕೊಳ್ಳಿ. ಸರ್ವೇಯರ್ ಕೇಳಿದ್ದಕ್ಕೆ ನಿಜ ಹೇಳಿ. ಹೆಚ್ಚು ನಷ್ಟ ತೋರಿಸಲು ಹೋದರೆ ಬರುವುದೂ ಹೋಗುತ್ತದೆ.

ಕಂಪನಿ ಒಪ್ಪದಿದ್ದರೆ

‘ಇಲ್ಲ’ ಎಂದು ಬಾಯಿಯಲ್ಲಿ ಹೇಳಿದರೆ ಒಪ್ಪಬೇಡಿ. ಕಾರಣ ಬರೆದುಕೊಡಿ ಎನ್ನಿ. ಮೊದಲು ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಆರ್‌ಡಿಎಐಯ ಬಿಮಾ ಭರೋಸಾ ಕೇಂದ್ರಕ್ಕೆ 155255 ನಂಬರಿಗೆ ಪುಕ್ಕಟೆ ಫೋನ್ ಮಾಡಬಹುದು. ಒಂದು ತಿಂಗಳೊಳಗೆ ಕಂಪನಿ ಉತ್ತರ ಕೊಡದಿದ್ದರೆ, ಅಥವಾ ಉತ್ತರ ಸರಿ ಎನಿಸದಿದ್ದರೆ, ವಿಮಾ ಲೋಕಪಾಲರಿಗೆ ದೂರು ಕೊಡಿ. ನಮ್ಮ ಸೊಲ್ಲಾಪುರ ಜಿಲ್ಲೆಗೆ ಅವರ ಕಚೇರಿ ಪುಣೆಯಲ್ಲಿದೆ. ಫೀ ಇಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿವರೆಗಿನ ದೂರನ್ನು ನೋಡುತ್ತಾರೆ. ಸಣ್ಣ ಉದ್ಯಮದವರೂ ಹೋಗಬಹುದು. ಅದಕ್ಕಾಗಿ ಉದ್ಯಮ್ ನೋಂದಣಿ ಮಾಡಿಸಿಟ್ಟಿರಿ. ಕಂಪನಿ ‘ಇಲ್ಲ’ ಎಂದ ಮೇಲೆ ಒಂದು ವರ್ಷದೊಳಗೆ ಹೋಗಬೇಕು. ನಮ್ಮ ಅಕ್ಕ ತಪ್ಪಿಸಿಕೊಂಡದ್ದು ಈ ಒಂದು ವರ್ಷವನ್ನೇ.

ಅಕ್ಕ ಈಗ ಏನು ಮಾಡುತ್ತಾರೆ?

ಅಕ್ಕನಿಗೆ ಆ ಹಣ ಬರಲೇ ಇಲ್ಲ. ಬಂಗಾರ ಅಡವಿಟ್ಟು ಎರಡು ಖೋಲಿ ಸರಿ ಮಾಡಿಸಿದರು. ಆ ವರ್ಷವೇ ನಮ್ಮ ಕೇಂದ್ರಕ್ಕೆ ಸೇರಿದರು. ಮೊದಲು ಕಲಿತದ್ದು ತಮ್ಮ ಹೆಸರು. ಆಮೇಲೆ ಅಂಕಿ.

ಮುಂದಿನ ಸಲ ಹೊಸ ಪಾಲಿಸಿ ಬಂದಾಗ ಏಜೆಂಟರು ‘ಇಲ್ಲಿ ಸಹಿ ಮಾಡ್ರಿ ಅಕ್ಕಾರ’ ಎಂದರು. ಅಕ್ಕ ಕನ್ನಡಕ ಹಾಕಿಕೊಂಡರು. ನೋಟ್‌ಬುಕ್ಕನ್ನು ಪಕ್ಕದಲ್ಲಿ ಇಟ್ಟುಕೊಂಡರು. ಬೆರಳಿಟ್ಟು ಒಂದೊಂದೇ ಸಾಲು ನೋಡಿದರು. ಐದನೆಯ ಸಾಲಿಗೆ ಬಂದಾಗ ಬೆರಳು ನಿಂತಿತು.

‘ಇಲ್ಲಿ ಒಂದು ಸೊನ್ನಿ ಕಡಿಮಿ ಅದಲ್ರಿ’ ಎಂದರು.

ನೋಟ್‌ಬುಕ್ಕಿನಲ್ಲಿ 4,00,000 ಎಂದು ಇತ್ತು. ಪಾಲಿಸಿಯಲ್ಲಿ 40,000 ಎಂದು ಅಚ್ಚಾಗಿತ್ತು. ಏಜೆಂಟರು ಎರಡು ಸಲ ನೋಡಿದರು. ತಿದ್ದಿಸಿಕೊಂಡು ಬರುತ್ತೇನೆಂದು ಕಾಗದ ವಾಪಸು ತೆಗೆದುಕೊಂಡು ಹೋದರು. ಮೂರು ದಿನದ ಮೇಲೆ ಸರಿಯಾದ ಪಾಲಿಸಿ ಬಂತು. ಅಕ್ಕ ಮತ್ತೆ ಎಂಟು ಸಾಲನ್ನೂ ನೋಡಿದರು. ಆಮೇಲೆ ಸಹಿ ಮಾಡಿದರು. ಈ ಸಲ ಹೆಬ್ಬೆಟ್ಟಲ್ಲ, ಪೂರ್ತಿ ಹೆಸರು.

ಹೊಸ ಪದಗಳು

ಪಾಲಿಸಿ: ವಿಮೆಯ ಕರಾರು ಪತ್ರ
ಪ್ರೀಮಿಯಂ: ವಿಮೆಗೆ ನಾವು ಕೊಡುವ ಹಣ
ವಿಮಾ ಮೊತ್ತ: ಕಂಪನಿ ಹೆಚ್ಚೆಂದರೆ ಕೊಡುವ ಹಣ
ಕ್ಲೇಮು: ನಷ್ಟಕ್ಕೆ ಪರಿಹಾರ ಕೇಳುವುದು
ಸರ್ವೇಯರ್: ನಷ್ಟವನ್ನು ನೋಡಿ ಅಳೆಯುವವರು
ವಿಮಾ ಲೋಕಪಾಲ: ವಿಮೆಯ ದೂರು ಕೇಳಿ ತೀರ್ಮಾನ ಹೇಳುವವರು

ಅಭ್ಯಾಸ

1. ಅಕ್ಕನ ಮೊದಲಿನ ಪಾಲಿಸಿಯಲ್ಲಿ ಏನು ತಪ್ಪಿತ್ತು? ಎರಡು ವಾಕ್ಯದಲ್ಲಿ ಬರೆಯಿರಿ.
2. ಕಟ್ಟಡ ಕಟ್ಟಲು 16 ಲಕ್ಷ ಬೇಕು. ವಿಮೆ 8 ಲಕ್ಷಕ್ಕೆ ಇದೆ. ನಷ್ಟ 1 ಲಕ್ಷ. ಪರಿಹಾರ ಎಷ್ಟು ಬರುತ್ತದೆ?
3. ನಿಮ್ಮ ಮನೆಯ ಒಂದು ಖೋಲಿಯ ಸಾಮಾನು ಎಣಿಸಿ, ಬೆಲೆ ಬರೆದು ಕೂಡಿಸಿ.
4. ನಿಮ್ಮ ಮನೆಯಲ್ಲಿ ಯಾವುದಾದರೂ ಪಾಲಿಸಿ ಇದ್ದರೆ ಮುಂದಿನ ತರಗತಿಗೆ ತನ್ನಿ. ಎಂಟು ಸಾಲನ್ನು ಎಲ್ಲರೂ ಕೂಡಿ ಓದೋಣ.